ಅಳಿಯನ ಕೋಣೆಯ ತೆರಿಗೆ

ಪೊಯ್ಯಡ್ಕ ಪೇಟೆಯಿಂದ ಕಡಬದ ಕಡೆಗೆ ಹೋಗುವ ರಸ್ತೆಯಲ್ಲಿ ಪೆಟ್ರೋಲ್ ಬಂಕ್ ದಾಟಿದರೆ ಎಡಗಡೆ ಕುಂಞಿಪಾತುಮ್ಮನವರ ಮನೆ. ಬಸ್ಸಿನಿಂದ ನೋಡುವವರಿಗೆ ಅದು ಚಿಕ್ಕದಾದರೂ ಚೊಕ್ಕವಾದ ತಾರಸಿ ಮನೆ. ಬಿಳಿ ಗೋಡೆ, ಹಲಸಿನ ಮರದ ಬಾಗಿಲು, ಟೈಲ್ಸ್ ಹಾಕಿದ ಮೆಟ್ಟಿಲು. ಅಂಗಳಕ್ಕೆ ಇಳಿದು ಬಂದರೆ ಮಾತ್ರ ತಿಳಿಯುತ್ತದೆ, ಅದು ಮನೆಯಲ್ಲ, ಮನೆಯ ಒಂದು ಕೋಣೆ. ಮನೆ ಅದರ ಬೆನ್ನಿಗೆ ಅಂಟಿಕೊಂಡು ಹಿಂದೆ ಕೂತಿದೆ. ಹಳೆಯ ಹಂಚಿನ ಮಾಡು, ಅಲ್ಲಲ್ಲಿ ಎದ್ದುಹೋದ ಸಿಮೆಂಟಿನ ನೆಲ, ಹೊಗೆ ಹಿಡಿದ ಅಡುಗೆಮನೆ, ಒಂದು ಪಕ್ಕಕ್ಕೆ ವಾಲಿದ ಬಚ್ಚಲು.

ಮುಂದಿನ ಆ ಕೋಣೆ ಅಳಿಯನದ್ದು.

ಮಗಳ ಮದುವೆ ಗೊತ್ತಾದಾಗ ಅಳಿಯನಿಗೆಂದು ಒಂದು ಕೋಣೆ ಕಟ್ಟಿಸುವುದು ಕುಂಞಿಪಾತುಮ್ಮನವರ ತಾಯಿಯ ಮನೆಯಲ್ಲೂ ಇತ್ತು, ಅಜ್ಜಿಯ ಮನೆಯಲ್ಲೂ ಇತ್ತು. ಅವನು ಬರುವಾಗ ಹೋಗುವಾಗ ಅತ್ತೆಯ ಎದುರಿನಿಂದ ಹಾದು ಹೋಗುವಂತಾಗಬಾರದು. ಅದಕ್ಕೆಂದೇ ಹೊರಗಿನಿಂದ ಬೇರೆ ಬಾಗಿಲು. ಒಳಗಿನ ಬಾಗಿಲು ಮಗಳಿಗೆ. ಕೋಣೆಯೊಳಗೆ ಮಂಚ, ಕಪಾಟು, ಫ್ಯಾನು, ಅಲ್ಲೇ ಒಂದು ಬಚ್ಚಲು. ಅತ್ತೆಯಾದವಳು ಆ ಹೊಸ್ತಿಲು ದಾಟುವುದಿಲ್ಲ. ದಾಟಬೇಡವೆಂದು ಯಾರೂ ಹೇಳಿರುವುದಿಲ್ಲ. ದಾಟುವುದಿಲ್ಲ, ಅಷ್ಟೆ.

ಕುಂಞಿಪಾತುಮ್ಮನವರ ಗಂಡ ಅದ್ರಾಮ ಕೆಂಪುಕಲ್ಲು ಸಾಗಿಸುವ ಲಾರಿಯ ಡ್ರೈವರ್ ಆಗಿದ್ದರು. ಕೋರೆಯಲ್ಲಿ ಮೂಲೆ ಮುರಿದ ಕಲ್ಲು, ಬಿರುಕು ಬಿಟ್ಟ ಕಲ್ಲು, ಯಾರಿಗೂ ಬೇಡವಾದ ಕಲ್ಲು ಇದ್ದರೆ ಯಜಮಾನರನ್ನು ಕೇಳಿ ಮನೆಗೆ ತರುತ್ತಿದ್ದರು. ಹಿಂದಿನ ಮನೆ ಪೂರ್ತಿ ಹಾಗೆ ಬಂದ ಕಲ್ಲಿನದ್ದು. ಗೋಡೆಯ ಒಂದು ಸಾಲು ಇನ್ನೊಂದಕ್ಕೆ ಕೂಡುವುದಿಲ್ಲ. ಒಬ್ಬಳೇ ಮಗಳು ಝುಲೈಖಾಳ ಮದುವೆ ಗೊತ್ತಾದಾಗ ಮಾತ್ರ ಅವರು ಜೀವನದಲ್ಲಿ ಮೊದಲ ಸಲ ದುಡ್ಡು ಕೊಟ್ಟು ಇಡೀ ಕಲ್ಲು ಕೊಂಡರು. ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ ಆರಿಸಿದರು.

“ಒಡೆದ ಕಲ್ಲಿನ ಕೋಣೆಯಲ್ಲಿ ನನ್ನ ಮಗಳ ಗಂಡ ಮಲಗುದು ಬೇಡ” ಎಂದಿದ್ದರು.

ಆ ಗಂಡ ಸಫೀರ್. ದಮ್ಮಾಮಿನ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ನೋಡಲು ಲಕ್ಷಣವಾಗಿದ್ದ, ಮಾತು ಕಡಿಮೆ. ಮದುವೆಯ ನಂತರ ರಜೆಯಲ್ಲಿ ಕೆಲವು ಸಲ ಬಂದ. ಬಂದಾಗಲೆಲ್ಲ ಹೊರಬಾಗಿಲಿನ ಬೀಗ ತೆಗೆಯುವ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು. ಕುಂಞಿಪಾತುಮ್ಮ ಆ ಸದ್ದಿಗೇ ಚಹಾಕ್ಕೆ ನೀರು ಇಡುತ್ತಿದ್ದರು. ಆಮೇಲೆ ರಜೆ ಸಿಗಲಿಲ್ಲ ಎಂದ. ಫೋನು ವಾರಕ್ಕೊಮ್ಮೆ ಇದ್ದದ್ದು ಹಬ್ಬಕ್ಕೊಮ್ಮೆ ಆಯಿತು. ಕೊನೆಗೆ ಆ ನಂಬರೇ ಇಲ್ಲವಾಯಿತು. ಅವನನ್ನು ಕಾಸರಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಮತ್ತು ಚಿಕ್ಕ ಮಗುವಿನ ಜೊತೆ ನೋಡಿದ್ದಾಗಿ ನೆಲ್ಯಾಡಿಯ ಒಬ್ಬರು ಹೇಳಿದರು. ಹೇಳಿದವರಿಗೆ ಕುಂಞಿಪಾತುಮ್ಮ ಶರಬತ್ತು ಕೊಟ್ಟು, “ಒಂದೇ ಥರ ಇರುವವರು ಎಷ್ಟೋ ಜನ ಉಂಟು” ಎಂದು ಕಳಿಸಿದರು. ತಲಾಖ್ ಬರಲಿಲ್ಲ, ಕಾಗದ ಬರಲಿಲ್ಲ, ಅವನ ಮನೆಯವರು ಊರು ಬಿಟ್ಟು ಹೋಗಿದ್ದರು. ಅದ್ರಾಮ ಒಂದು ಮಳೆಗಾಲ ಪೂರ್ತಿ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅಳಿಯ ಮಣ್ಣಿಗೂ ಬರಲಿಲ್ಲ.

ಆದರೂ ಕೇಳಿದವರಿಗೆಲ್ಲ ಕುಂಞಿಪಾತುಮ್ಮನವರ ಉತ್ತರ ಒಂದೇ. “ಬರ್ತಾರೆ. ಅಲ್ಲಿ ಕೆಲಸ ಬಿಡುದಿಲ್ಲ.”

ಗಂಡ ಹೋದ ಮೇಲೆ ಅವರು ಪತ್ತಿರ್ ಮಾಡಿ ಮನೆ ನಡೆಸಿದರು. ಕಾಗದದಷ್ಟು ತೆಳ್ಳಗಿನ ಅಕ್ಕಿರೊಟ್ಟಿ ಅದು. ಪೇಟೆಯ ಎರಡು ಹೋಟೆಲುಗಳಿಗೆ ದಿನಾ ಹೋಗುತ್ತಿತ್ತು. ಮದುವೆಯ ಮನೆಗಳಲ್ಲಿ ರಾಶಿ ರಾಶಿ ಬೇಕಾದಾಗ ಅವರನ್ನೇ ಕರೆಯುತ್ತಿದ್ದರು. ಬಿಸಿ ಹಿಟ್ಟು ನಾದಿ ನಾದಿ ಅವರ ಅಂಗೈಯ ಗೆರೆಗಳು ಮಾಸಿಹೋಗಿದ್ದವು. ಝುಲೈಖಾ ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸಕ್ಕೆ ಸೇರಿದಳು. ಗುರುವಾರ ಸಂಜೆ ಅಂಗಡಿಯಿಂದ ಬಂದವಳು ಪೊರಕೆ ಹಿಡಿದು ಒಳಬಾಗಿಲಿನಿಂದ ಆ ಕೋಣೆಗೆ ಹೋಗುತ್ತಾಳೆ. ಗುಡಿಸುವ ಸದ್ದು, ನೆಲ ಒರೆಸುವ ಸದ್ದು. ಅದನ್ನು ಕೇಳುತ್ತಾ ತಾಯಿ ಒಲೆಯ ಮುಂದೆ ಕೂತಿರುತ್ತಾರೆ. ಆ ವಾರದ ಮಟ್ಟಿಗೆ ಅವರಿಗೆ ಒಂದು ಸಮಾಧಾನ.

ಪೊಯ್ಯಡ್ಕ ಗ್ರಾಮ ಪಂಚಾಯತ್ ಪಟ್ಟಣ ಪಂಚಾಯತ್ ಆದ ಮೇಲೆ ಮನೆಗಳ ತೆರಿಗೆಯನ್ನು ಹೊಸದಾಗಿ ಗೊತ್ತುಮಾಡಲು ಬಿಲ್ ಕಲೆಕ್ಟರ್ ರಾಧಾಕೃಷ್ಣ ಟೇಪು ಹಿಡಿದು ಮನೆಮನೆಗೆ ಬಂದ. ಒಳ್ಳೆಯ ಮನುಷ್ಯ. ಗಂಡಸರಿಲ್ಲದ ಮನೆ ಎಂದು ಅಂಗಳದಲ್ಲೇ ನಿಂತ. ರಸ್ತೆಯ ಬದಿಯಿಂದ ತಾರಸಿ ಕಂಡಿತು. ಗೋಡೆಯ ಹೊರಗಿನಿಂದ ಉದ್ದಗಲ ಅಳೆದುಕೊಂಡ. ಹಿಂದಕ್ಕೆ ಹೋಗಿ ಹಂಚು ನೋಡಲಿಲ್ಲ, ಅಲ್ಲಿ ಹೆಂಗಸರು ಪಾತ್ರೆ ತೊಳೆಯುತ್ತಿರಬಹುದು ಎಂದುಕೊಂಡ.

“ಅಮ್ಮ, ಬೀಗ ಹಾಕಿದ ಈ ಭಾಗ ನಿಮ್ಮದೇ ಅಲ್ವಾ?” ಎಂದು ಅಲ್ಲಿಂದಲೇ ಕೇಳಿದ.

ಕುಂಞಿಪಾತುಮ್ಮ ಹಿಂದಿನ ಮನೆಯ ಬಾಗಿಲ ಮರೆಯಿಂದ ಹೇಳಿದರು, “ಅದು ನಮ್ಮದಲ್ಲ. ಅವರದ್ದು.”

ಅಳಿಯನ ಹೆಸರನ್ನು ಅವರು ಬಾಯಲ್ಲಿ ತರುತ್ತಿರಲಿಲ್ಲ. ಅಳಿಯನಿಗೆ ಕೊಟ್ಟ ಕೋಣೆಯನ್ನು ತನ್ನದೆಂದು ಹೇಳುವುದು ಕೊಟ್ಟ ಕೈಯಿಂದಲೇ ಕಿತ್ತುಕೊಂಡ ಹಾಗೆ. ತಾಯಿಯಿಂದ ಕಲಿತ ಮರ್ಯಾದೆಯನ್ನು ಅವರು ಆಡಿದರು. ರಾಧಾಕೃಷ್ಣ ತನ್ನ ಕೆಲಸ ಮಾಡಿದ. ಇಡೀ ಮನೆ ತಾರಸಿ ಎಂದೂ, ಮುಂದಿನ ಭಾಗ ಬೇರೆಯವರ ವಾಸಕ್ಕೆ ಬಾಡಿಗೆಗೆ ಕೊಟ್ಟದ್ದು ಎಂದೂ ಬರೆದುಕೊಂಡು ಹೋದ.

ನೋಟೀಸು ಬಂದಾಗ ಅದನ್ನು ಓದಿದವಳು ಝುಲೈಖಾ. ಎರಡು ಸಲ ಓದಿದಳು. ತೆರಿಗೆ ಮೊದಲಿನ ಐದು ಪಟ್ಟಾಗಿತ್ತು. ಹಿಂದಿನ ಬಾಕಿ ಎಂದು ಇನ್ನಷ್ಟು, ಕಟ್ಟದಿದ್ದರೆ ದಂಡ. ಪತ್ತಿರ್ ಮಾಡಿ ಅದನ್ನು ಕಟ್ಟುವುದೆಂದರೆ ಊಟ ಬಿಟ್ಟು ಕಟ್ಟಬೇಕು.

ಪಕ್ಕದ ಮನೆಯ ಬೋಜಪ್ಪ ಬೇಲಿಯ ಆಚೆಯಿಂದಲೇ ವಿಚಾರಿಸಿದ. ಅವನಿಗೆ ಹೆಂಡತಿ ಕಮಲಾವತಿ, ಮಗಳು ಮೋಕ್ಷಿತಾ, ಸಣ್ಣದೊಂದು ರಬ್ಬರ್ ತೋಟ, ದೊಡ್ಡದೊಂದು ಬಾಯಿ.

“ಪಾತುಮ್ಮಕ್ಕ, ನಿಮ್ಮ ಮನೆಗೆ ಪಂಚಾಯತ್ ಆಫೀಸಿಗಿಂತ ಹೆಚ್ಚು ಬೆಲೆಯಂತೆ. ನಮಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ. ಗೊತ್ತಿದ್ದರೆ ಇಷ್ಟು ದಿನ ಚಪ್ಪಲಿ ಹಾಕಿ ಅಂಗಳಕ್ಕೆ ಬರ್ತಿರ್ಲಿಲ್ಲ.”

“ನಗಾಡಿ ಬೋಜಪ್ಪಣ್ಣ. ನಾಳೆ ನಿಮ್ಮ ಹಟ್ಟಿಯನ್ನೂ ಲಾಡ್ಜ್ ಅಂತ ಬರೀತಾರೆ.”

“ಬರೀಲಿ. ದನ ಬಾಡಿಗೆ ಕೊಡ್ತದಾ ಅಂತ ಕೇಳುವ” ಎಂದ ಬೋಜಪ್ಪ. ಮತ್ತೆ ನಗೆ ನಿಲ್ಲಿಸಿ ಹೇಳಿದ, “ತಕರಾರು ಅರ್ಜಿ ಕೊಡಿ. ಮೂವತ್ತು ದಿನ ಉಂಟಂತೆ. ಸಾಕ್ಷಿಗೆ ನಾನು ಬರ್ತೇನೆ.”

ಅರ್ಜಿ ಬರೆದುಕೊಟ್ಟವನು ಮಶೂದ್, ಕುಂಞಿಪಾತುಮ್ಮನವರ ತಮ್ಮನ ಮಗ. ಪೇಟೆಯಲ್ಲಿ ಅವನದ್ದು ಜೆರಾಕ್ಸ್ ಅಂಗಡಿ. ತಾಯಿ ಮಗಳು ಇಬ್ಬರೂ ಹೋದರು. ಹಂಚಿನ ಮಾಡಿನ ಫೋಟೋ, ಹಳೆಯ ರಶೀದಿ, ಕರೆಂಟ್ ಬಿಲ್ಲು ಎಲ್ಲ ಸರಿಯಾಯಿತು. ಕೋಣೆಯ ವಿಷಯಕ್ಕೆ ಬಂದಾಗ ಅವನು ಟೈಪ್ ಮಾಡುವುದನ್ನು ನಿಲ್ಲಿಸಿದ.

“ಮಾಮಿ, ಬಾಡಿಗೆಗೆ ಕೊಟ್ಟಿಲ್ಲ ಅಂತ ಬರೆದರೆ ಸಾಲದು. ಮತ್ತೆ ಯಾರಿದ್ದಾರೆ ಅಂತ ಕೇಳ್ತಾರೆ.”

“ಪುದಿಯಾಪ್ಳೆಯ ಕೋಣೆ ಅಂತ ಬರಿ.”

“ಅವರಿಗೆ ಪುದಿಯಾಪ್ಳೆ ಅಂದರೆ ಅರ್ಥ ಆಗುದಿಲ್ಲ. ಅಳಿಯ ಅಂತ ಬರೆಯುವ. ಅಳಿಯ ಎಲ್ಲಿದ್ದಾರೆ ಅಂತ ಬರೀಲಿ?”

“ಕೆಲಸದಲ್ಲಿ.”

“ಎಲ್ಲಿ ಕೆಲಸದಲ್ಲಿ?”

ಕುಂಞಿಪಾತುಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. ಝುಲೈಖಾ ಕೌಂಟರಿಗೆ ಒರಗಿ ರಸ್ತೆಯ ಕಡೆಗೆ ನೋಡುತ್ತಿದ್ದಳು. ಧರ್ಮಸ್ಥಳದ ಬಸ್ಸು ಬಂದು ನಿಂತು ಜನ ಇಳಿಸಿ ಹೋಯಿತು.

“ಕೋಣೆ ಖಾಲಿ ಉಂಟು, ಯಾರೂ ಇಲ್ಲ ಅಂತ ಬರೆಯುವ” ಎಂದ ಮಶೂದ್, ಧ್ವನಿ ತಗ್ಗಿಸಿ. “ಅದೇ ಸುಲಭ ಮಾಮಿ. ಅದೇ ನಿಜ.”

“ನಿನ್ನ ಉಮ್ಮ ನಿನಗೆ ಇಷ್ಟು ಬೇಗ ನಿಜ ಹೇಳ್ಲಿಕ್ಕೆ ಕಲಿಸಿದ್ದಾ?” ಕುಂಞಿಪಾತುಮ್ಮ ಸಿಟ್ಟಾಗಲಿಲ್ಲ, ಅವರ ಮಾತು ಮಾತ್ರ ಗಟ್ಟಿಯಾಯಿತು. “ಖಾಲಿ ಅಂತ ಸರಕಾರದ ಕಾಗದದಲ್ಲಿ ನಾನು ಬರೆಸಿದರೆ ನನ್ನ ಮಗಳಿಗೆ ಗಂಡ ಇಲ್ಲ ಅಂತ ನಾನೇ ಬರೆಸಿದ ಹಾಗೆ. ತೆರಿಗೆ ಇಳಿಯಬೇಕು. ಆ ಮಾತು ಬರಬಾರದು. ಎರಡೂ ಆಗುವ ಹಾಗೆ ಬರಿ. ಅಷ್ಟು ಓದಿದ್ದಿ ಅಲ್ವಾ?”

ಮಶೂದ್ ಝುಲೈಖಾಳನ್ನು ನೋಡಿದ. ಅವಳು ತಿರುಗಲಿಲ್ಲ. “ಉಮ್ಮ ಹೇಳಿದ ಹಾಗೆ ಬರಿ” ಎಂದಳು.

ಹಾಗಾಗಿ ಅರ್ಜಿಯಲ್ಲಿ ಹೀಗೆ ಬಂತು: ಸದರಿ ಕೋಣೆಯು ವಿದೇಶದಲ್ಲಿ ಉದ್ಯೋಗದಲ್ಲಿರುವ ಅಳಿಯನು ರಜೆಯಲ್ಲಿ ಬಂದಾಗ ತಂಗುವ ಕೋಣೆಯಾಗಿರುತ್ತದೆ.

ಮುಖ್ಯಾಧಿಕಾರಿಯೇ ಸ್ಥಳ ನೋಡಲು ಬರುತ್ತಾರೆಂದು ತಿಳಿದ ಸಂಜೆ ಝುಲೈಖಾ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಉಮ್ಮ, ಹಿಂದಿನ ಮನೆ ಮಾತ್ರ ನೋಡ್ಲಿ. ಕೋಣೆ ತೆಗೆಯುದು ಬೇಡ” ಎಂದಳು.

“ಯಾಕೆ ಬೇಡ? ನಿನ್ನ ಉಪ್ಪ ಕಟ್ಟಿದ್ದು ನಾಚಿಕೆ ಪಡುವಂಥದ್ದಾ? ನೋಡ್ಲಿ. ಬಾಡಿಗೆ ಮನೆ ಹೀಗಿರ್ತದಾ ಅಂತ ಅವರೇ ಹೇಳ್ಲಿ.”

“ಬೀಗದ ಕೀ ಇಲ್ಲ ಅಂತ ಹೇಳುವ.”

“ಹೊರಗಿನದ್ದು ಅವರ ಹತ್ತಿರ ಉಂಟು. ಒಳಗಿನಿಂದ ನೀನು ವಾರ ವಾರ ಹೋಗುದಿಲ್ವಾ?”

ಝುಲೈಖಾ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅಷ್ಟರಲ್ಲಿ, ಮಂಚಕ್ಕೆ ಹೊಸ ಚಾದರ ಹಾಸು ಎಂದರು, ಕಪಾಟಿನ ಕನ್ನಡಿ ಒರೆಸು ಎಂದರು. ಅವಳು ಕೊಡ ಎತ್ತಿಕೊಂಡು ಹೊರಗೆ ಹೋದಳು.

ಮುಖ್ಯಾಧಿಕಾರಿ ಪ್ರೀತಿಕಾ ಇನ್ನೂ ಚಿಕ್ಕ ವಯಸ್ಸಿನವರು. ಮೆಲ್ಲಗೆ ಮಾತಾಡುವವರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಹಿಂದೆ ರಾಧಾಕೃಷ್ಣ, ಟೇಪಿನ ಜೊತೆ. ಸಾಕ್ಷಿಗಳೆಂದು ಬೋಜಪ್ಪ ಮತ್ತು ಮಶೂದ್. ಹಂಚಿನ ಮಾಡು ನೋಡಿದ ರಾಧಾಕೃಷ್ಣನ ಮುಖ ಚಿಕ್ಕದಾಯಿತು.

“ಅಮ್ಮ, ಅವತ್ತು ನಾನು ಒಳಗೆ ಬಂದು ನೋಡ್ಬೇಕಿತ್ತು” ಎಂದ.

“ನಾನು ಕರೀಬೇಕಿತ್ತು” ಎಂದರು ಕುಂಞಿಪಾತುಮ್ಮ. ಎಲ್ಲರಿಗೂ ಕುಡಿಯಲು ಮಜ್ಜಿಗೆ ಕೊಟ್ಟಿದ್ದರು. ಅರ್ಧ ಗೆದ್ದ ಸಂತೋಷ ಅವರಲ್ಲಿತ್ತು.

“ಇನ್ನು ಆ ಕೋಣೆ” ಎಂದರು ಪ್ರೀತಿಕಾ. “ಮನೆಯ ಯಜಮಾನರು ಜೊತೆಯಲ್ಲಿರಬೇಕು. ನೀವೂ ಬನ್ನಿ.”

ಕುಂಞಿಪಾತುಮ್ಮ ನಿಂತರು. ಹಾಗೆ ಹೋಗುವ ಪದ್ಧತಿ ಇಲ್ಲ ಎಂದು ಈ ಹುಡುಗಿಗೆ ಹೇಗೆ ಹೇಳುವುದು? ಹೇಳಿದರೆ ಕೋಣೆ ಬೇರೆಯವರದ್ದು ಎಂದು ಮತ್ತೆ ಬರೆದುಕೊಂಡರೆ? ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೊರಟರು. ಝುಲೈಖಾ ಒಳಬಾಗಿಲಿನ ಚಿಲಕದ ಮೇಲೆ ಕೈ ಇಟ್ಟು ತಡೆದಳು. ಎಲ್ಲರೂ ಅವಳ ಬೆನ್ನನ್ನೇ ನೋಡುತ್ತಿದ್ದರು. ಆಮೇಲೆ ತೆಗೆದಳು.

ಕೋಣೆಯಲ್ಲಿ ಏನೂ ಇರಲಿಲ್ಲ.

ಕಿಟಕಿಯ ಬೆಳಕು ಟೈಲ್ಸಿನ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ನೆಲ ಹೊಳೆಯುತ್ತಿತ್ತು. ಒಂದು ಕಸದ ಕಡ್ಡಿ ಇಲ್ಲ. ಗೋಡೆಯಲ್ಲಿ ಕಪಾಟು ನಿಂತಿದ್ದ ಜಾಗ ಮಾತ್ರ ಉಳಿದ ಗೋಡೆಗಿಂತ ಬೆಳ್ಳಗಿತ್ತು. ತಾರಸಿಯಿಂದ ಫ್ಯಾನಿನ ಕೊಕ್ಕೆ ಬರಿದೇ ಇಳಿದಿತ್ತು. ಮೂಲೆಯಲ್ಲಿ ಒಂದು ಚಾಪೆ ಸುತ್ತಿಟ್ಟಿತ್ತು, ಅದರ ಮೇಲೆ ಒಂದು ದಿಂಬು. ಒಂದೇ.

ಕುಂಞಿಪಾತುಮ್ಮ ಮಂಚ ಇದ್ದ ಜಾಗದ ಅಂಚಿನಲ್ಲಿ ನಿಂತರು. ಮಂಚ ಇದ್ದಿದ್ದರೆ ಅವರ ಮೊಣಕಾಲು ತಾಗುತ್ತಿತ್ತು. ಮತ್ತೆ ತಟ್ಟನೆ, ಬಹಳ ಸಹಜವಾದ ಧ್ವನಿಯಲ್ಲಿ ಹೇಳಿದರು:

“ಮೊನ್ನೆ ಅವರು ಬಂದು ತೆಗೆದುಕೊಂಡು ಹೋದದ್ದು. ಹೊಸದು ತರ್ತಾರೆ.”

“ಯಾರು?” ಎಂದರು ಪ್ರೀತಿಕಾ.

“ಅಳಿಯ.”

“ಅಳಿಯ ಊರಿಗೆ ಬಂದಿದ್ದಾರಾ?”

“ಬಂದು ಹೋದರು.”

ಪ್ರೀತಿಕಾ ಪೆನ್ನನ್ನು ಕಾಗದದಿಂದ ಎತ್ತಿದರು. “ಅಮ್ಮ, ಸ್ವಲ್ಪ ಯೋಚಿಸಿ ಹೇಳಿ. ಅವರು ಬಂದು ಹೊರಗಿನ ಬೀಗ ತೆಗೆದು ಸಾಮಾನು ಕೊಂಡುಹೋಗಿದ್ದರೆ ಕೋಣೆ ಅವರ ಕೈಯಲ್ಲಿ ಉಂಟು ಅಂತ ಆಗ್ತದೆ. ಬಾಡಿಗೆ ಕೊಡ್ತಾರೋ ಇಲ್ಲವೋ, ಬೇರೆ ವಾಸ ಅಂತಲೇ ನಾನು ಬರೀಬೇಕು. ತೆರಿಗೆ ಈಗ ಇದ್ದ ಹಾಗೆಯೇ ಇರ್ತದೆ.”

“ಇರಲಿ” ಎಂದರು ಕುಂಞಿಪಾತುಮ್ಮ.

“ಮಾಮಿ” ಎಂದ ಮಶೂದ್.

“ಇರಲಿ ಅಂದೆ ಅಲ್ವಾ.”

ಆಗ ಝುಲೈಖಾ ಮಾತಾಡಿದಳು. ಗಿರಾಕಿಗೆ ಸೀರೆಯ ಬೆಲೆ ಹೇಳುವಾಗ ಇರುವಂಥ ಧ್ವನಿ, ಏರಿಲ್ಲ ಇಳಿವಿಲ್ಲ.

“ಅವರು ಬರ್ಲಿಲ್ಲ ಮೇಡಂ. ಸಾಮಾನು ನಾನು ಮಾರಿದ್ದು.”

“ಮೋಳೆ, ಸುಮ್ಮನಿರು” ಎಂದು ತಾಯಿ ಮಗಳನ್ನು ತಡೆದರು.

“ಕಪಾಟು ಉಪ್ಪ ಆಸ್ಪತ್ರೆಯಲ್ಲಿದ್ದಾಗ ಹೋಯಿತು. ಮಂಚ ಉಮ್ಮನ ಕಣ್ಣಿನ ಆಪರೇಷನ್‌ಗೆ. ಫ್ಯಾನು ಹೋದ ವರ್ಷ, ಹಿಂದಿನ ಮನೆಯ ಒಡೆದ ಹಂಚು ಬದಲಿಸುವಾಗ. ನನ್ನ ಹತ್ತಿರ ಹೊರಗಿನ ಬಾಗಿಲಿಗೆ ಇನ್ನೊಂದು ಕೀ ಉಂಟು. ಉಮ್ಮ ಆಸ್ಪತ್ರೆಗೋ, ಪತ್ತಿರ್ ಮಾಡ್ಲಿಕ್ಕೆ ಮದುವೆ ಮನೆಗೋ ಹೋದ ದಿನ ನೋಡಿ ಕಳಿಸಿದೆ. ಅವರು ಈ ಮನೆಗೆ ಬಾರದೆ ವರ್ಷ ಹನ್ನೊಂದಾಯಿತು. ಬರುದಿಲ್ಲ.”

ಕುಂಞಿಪಾತುಮ್ಮ ಮಗಳನ್ನು ನೋಡಲಿಲ್ಲ. ಸಾಕ್ಷಿಯಾಗಿ ನಿಂತಿದ್ದ ಬೋಜಪ್ಪನನ್ನು ನೋಡಿದರು. ಅವನು ಹೆಗಲ ಮೇಲಿನ ಬೈರಾಸನ್ನು ಕೈಯಲ್ಲಿ ಹಿಂಡುತ್ತಿದ್ದ.

“ಮಂಚ ಯಾರಿಗೆ ಕೊಟ್ಟದ್ದು?” ಎಂದರು ಕುಂಞಿಪಾತುಮ್ಮ.

“ನಮಗೆ” ಎಂದ ಬೋಜಪ್ಪ ಕೊನೆಗೂ. “ನಮ್ಮ ಮೋಕ್ಷಿತಾಳ ಬಾಣಂತನಕ್ಕೆ ಬೇಕಿತ್ತು. ಕಮಲಾವತಿ ಹೇಳಿದ್ದಳು, ಪಾತುಮ್ಮಕ್ಕನಿಗೆ ತಿಳಿಯುದು ಬೇಡ ಅಂತ. ನೀವು ನಮ್ಮಲ್ಲಿಗೆ ಬಂದಾಗೆಲ್ಲ ಅದಕ್ಕೆ ಕಂಬಳಿ ಹೊದಿಸಿ ಇಡ್ತಿದ್ದಳು.”

ಕುಂಞಿಪಾತುಮ್ಮನವರಿಗೆ ನೆನಪಾಯಿತೋ ಏನೋ, ಆ ಮಂಚದ ಮೇಲೆ ಕೂತು ಅವರು ಮೋಕ್ಷಿತಾಳ ಮಗುವನ್ನು ಎತ್ತಿಕೊಂಡಿದ್ದರು. ಆಗಷ್ಟೇ ಅವರ ಕಣ್ಣಿನ ಪಟ್ಟಿ ಬಿಚ್ಚಿದ್ದರು. ಮಗುವಿನ ಮುಖ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಎಲ್ಲರೊಡನೆ ಹೇಳಿಕೊಂಡಿದ್ದರು.

ಪ್ರೀತಿಕಾ ಮಹಜರು ಬರೆದರು. ನಿಯಮದಂತೆ ಎಲ್ಲರಿಗೂ ಕೇಳುವಂತೆ ಓದಬೇಕು. ಓದಿದರು. ಹಿಂದಿನ ಮನೆ ಹಂಚಿನದ್ದು. ಮುಂದಿನ ಒಂದು ಕೋಣೆ ಮಾತ್ರ ತಾರಸಿ. ಕೋಣೆಯಲ್ಲಿ ಯಾರೂ ವಾಸವಿಲ್ಲ, ಬಾಡಿಗೆಗೆ ಕೊಟ್ಟಿಲ್ಲ. ಅಳಿಯ ಸಫೀರ್ ಎಂಬವರು ಹನ್ನೊಂದು ವರ್ಷಗಳಿಂದ ಬಾರದೆ ಇದ್ದು ಮುಂದೆಯೂ ಬರುವ ಸಂಭವ ಇರುವುದಿಲ್ಲ ಎಂದು ಮನೆಯವರು ತಿಳಿಸಿರುತ್ತಾರೆ.

“ಆ ಕೊನೆಯದ್ದು ತೆಗೀರಿ” ಎಂದರು ಕುಂಞಿಪಾತುಮ್ಮ.

“ಅಮ್ಮ, ಅದು ಇಲ್ಲದಿದ್ದರೆ ಈ ಕಾಗದ ನಿಲ್ಲುದಿಲ್ಲ. ನಿಮ್ಮ ಅರ್ಜಿಯಲ್ಲೇ ಅಳಿಯ ಬಂದಾಗ ತಂಗುವ ಕೋಣೆ ಅಂತ ಉಂಟು. ಆಡಿಟಿನವರು ಕೇಳ್ತಾರೆ.”

“ಬಾರದೆ ಇದ್ದಾರೆ ಅಂತ ಇರಲಿ. ಬರುವ ಸಂಭವ ಇಲ್ಲ ಅಂತ ನೀವು ಹೇಗೆ ಹೇಳುದು? ಅಲ್ಲಾಹನಿಗೆ ಗೊತ್ತಿರುವುದನ್ನು ಪಟ್ಟಣ ಪಂಚಾಯತ್ ಬರೀತದಾ?”

ಪ್ರೀತಿಕಾ ಕಾಗದವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಅದರ ಮೇಲೆ ಪೆನ್ನು ಇಟ್ಟರು. ಒತ್ತಾಯಿಸುವ ಹೆಂಗಸಲ್ಲ. ಸಹಿ ಹಾಕುವುದು ಬಿಡುವುದು ಮನೆಯವರಿಗೆ ಬಿಟ್ಟದ್ದು ಎಂಬಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

ಝುಲೈಖಾ ತಾಯಿಯ ಹತ್ತಿರ ಬಂದಳು. ಮುಟ್ಟಲಿಲ್ಲ.

“ಉಮ್ಮ, ಮಂಚ ಹೋದ ದಿನ ನಾನು ಇಲ್ಲಿ ನೆಲದಲ್ಲಿ ಕೂತು ಯೋಚಿಸಿದೆ, ಇವರು ನಾಳೆ ಬಂದರೆ ಎಲ್ಲಿ ಮಲಗುದು ಅಂತ. ಫ್ಯಾನು ಹೋದಾಗ ಹಾಗೆ ಯೋಚನೆ ಬರ್ಲಿಲ್ಲ. ಆಮೇಲೆಯೂ ವಾರ ವಾರ ಗುಡಿಸಿದ್ದು ನಿಮಗೆ ಕೇಳ್ಲಿ ಅಂತ. ನೀವು ಒಲೆಯ ಹತ್ತಿರ ಕೂತು ಕೇಳ್ತೀರಿ ಅಂತ ನನಗೆ ಗೊತ್ತುಂಟು.”

“ನಾನು ನಿನಗೋಸ್ಕರ…” ಎಂದು ಕುಂಞಿಪಾತುಮ್ಮ ಶುರುಮಾಡಿದರು.

“ರುಜು ಹಾಕಿ. ನನಗೆ ನಾಚಿಕೆ ಇಲ್ಲ. ದಿನಾ ಒಂದೊಂದು ಸುಳ್ಳು ಹೇಳ್ಲಿಕ್ಕೆ ಮಾತ್ರ ಇನ್ನು ಆಗುದಿಲ್ಲ.”

ಕುಂಞಿಪಾತುಮ್ಮ ಕನ್ನಡದಲ್ಲಿ ಸಹಿ ಹಾಕುತ್ತಿದ್ದರು. ಝುಲೈಖಾ ಶಾಲೆಗೆ ಹೋಗುವಾಗ ಸ್ಲೇಟಿನ ಮೇಲೆ ಕಲಿಸಿಕೊಟ್ಟ ಅಕ್ಷರ. ಹೆಸರು ಉದ್ದ, ಬರೆಯಲು ಹೊತ್ತು ಬೇಕು. ಬರೆಯುವಷ್ಟು ಹೊತ್ತೂ ಅವರ ಬೆನ್ನು ಬಾಗಿಯೇ ಇತ್ತು. ನಡುವೆ ಒಮ್ಮೆ ನಿಂತು, “ನಾಳೆ ಬಂದರೆ ಎಂತ ಮಾಡುದು?” ಎಂದು ಕೇಳಿದರು. ಯಾರನ್ನು ಕೇಳಿದ್ದೆಂದು ಯಾರಿಗೂ ತಿಳಿಯಲಿಲ್ಲ.

“ಬಂದರೆ ಹೊಸ ತೆರಿಗೆ ಅವರೇ ಕಟ್ಟಲಿ” ಎಂದಳು ಝುಲೈಖಾ. ಬೋಜಪ್ಪ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ. ಕುಂಞಿಪಾತುಮ್ಮ ಉಳಿದ ಅಕ್ಷರಗಳನ್ನು ಬರೆದು ಮುಗಿಸಿದರು.

ಹೊರಡುವ ಮೊದಲು ಪ್ರೀತಿಕಾ ಇನ್ನೊಂದು ವಿಷಯ ಹೇಳಿದರು. ಹೊರಗಿನಿಂದ ಬೇರೆ ಬಾಗಿಲು ಇರುವವರೆಗೂ ಮುಂದೆ ಯಾವ ಅಧಿಕಾರಿ ಬಂದರೂ ಇದೇ ಪ್ರಶ್ನೆ ಏಳುತ್ತದೆ. ಕಟ್ಟಿ ಮುಚ್ಚಿಬಿಟ್ಟರೆ ಒಂದೇ ಮನೆ ಎಂದು ಖಾಯಂ ಆಗುತ್ತದೆ. “ಈಗಲೇ ಅಂತಲ್ಲ, ನಿಮಗೆ ಅನುಕೂಲ ಆದಾಗ” ಎಂದರು. ಅನುಕೂಲ ಎಂಬ ಮಾತು ಅಲ್ಲಿ ಸರಿಯಾಗಿ ಕೂರಲಿಲ್ಲವೆಂದು ಅವರಿಗೂ ಅನಿಸಿರಬೇಕು. ಚಪ್ಪಲಿ ಹಾಕಿಕೊಂಡು ಬೇಗ ಹೊರಟರು.

ತೆರಿಗೆ ಇಳಿಯಿತು. ಮೊದಲಿಗಿಂತ ಸ್ವಲ್ಪ ಹೆಚ್ಚು, ಕಟ್ಟಬಹುದಾದಷ್ಟು. ಆದೇಶದ ಪ್ರತಿಯನ್ನು ಮಶೂದ್ ತಂದು ಕೊಟ್ಟಾಗ ಕುಂಞಿಪಾತುಮ್ಮ ಹಿಟ್ಟಿನ ಕೈಯಲ್ಲಿದ್ದರು. ಮಗಳ ಹತ್ತಿರ ಕೊಡು ಎಂದರು. ಆ ದಿನಗಳಲ್ಲಿ ತಾಯಿ ಮಗಳ ನಡುವೆ ಬೇಕಾದಷ್ಟೇ ಮಾತು. ಅಕ್ಕಿ ನೆನೆಹಾಕಿದೆಯಾ, ಹೋಟೆಲಿನವರು ಬಂದರಾ, ಬಾಗಿಲು ಹಾಕಿದೆಯಾ. ಗುರುವಾರ ಸಂಜೆ ಕೋಣೆಯಿಂದ ಯಾವ ಸದ್ದೂ ಬರಲಿಲ್ಲ. ಕುಂಞಿಪಾತುಮ್ಮ ಒಲೆಯ ಮುಂದೆ ಕೂತಿದ್ದರು. ಸೌದೆ ಮುಂದಕ್ಕೆ ನೂಕುವುದು ಮರೆತು ಕಾವಲಿ ಆರಿತು.

ಪೇಟೆಗೂ ವಿಷಯ ಹೋಯಿತು. ಹೋಗದೆ ಇರುತ್ತದೆಯೇ? ಆಮೇಲೆ ಯಾರೂ ಅಳಿಯ ಯಾವಾಗ ಬರುತ್ತಾನೆ ಎಂದು ಕುಂಞಿಪಾತುಮ್ಮನವರನ್ನು ಕೇಳಲಿಲ್ಲ. ಹನ್ನೊಂದು ವರ್ಷ ಆ ಪ್ರಶ್ನೆಗೆ ಉತ್ತರ ಕೊಟ್ಟು ದಣಿದಿದ್ದವರಿಗೆ ಈಗ ಯಾರೂ ಕೇಳದಿರುವುದೇ ಹೆಚ್ಚು ಭಾರವಾಯಿತು. ಮದುವೆಯ ಮನೆಗಳಲ್ಲಿ ಹೆಂಗಸರು ಅವರಿಗೆ ಮೊದಲಿಗಿಂತ ಬೇಗ ಕುರ್ಚಿ ಕೊಡತೊಡಗಿದರು.

ಮಳೆ ನಿಂತ ಮೇಲೆ ಒಂದು ದಿನ ಕುಂಞಿಪಾತುಮ್ಮ ತಾವಾಗಿಯೇ ಮೇಸ್ತ್ರಿ ಬೆಳ್ಯಪ್ಪನಿಗೆ ಹೇಳಿಕಳಿಸಿದರು. ಝುಲೈಖಾಳಿಗೆ ತಿಳಿದದ್ದು ಅಂಗಳದಲ್ಲಿ ಮರಳು ಬಿದ್ದಾಗ. ಅವಳು ಅಂಗಡಿಗೆ ರಜೆ ಹಾಕಿದಳು. ಬೆಳ್ಯಪ್ಪ ಹಲಸಿನ ಬಾಗಿಲನ್ನು ದಾರಂದದ ಚೌಕಟ್ಟಿನ ಸಮೇತ ಬಿಚ್ಚಿದ. ಗಟ್ಟಿ ಕೆಲಸ, ಸುಲಭಕ್ಕೆ ಬರಲಿಲ್ಲ. ಒಂದೊಂದು ಪೆಟ್ಟು ಬೀಳುವಾಗಲೂ ಹಿಂದಿನ ಮನೆಯ ಪಾತ್ರೆಗಳು ಸಣ್ಣಗೆ ಸದ್ದು ಮಾಡಿದವು.

“ಒಳ್ಳೆಯ ಮರ ಪಾತುಮ್ಮಕ್ಕ” ಎಂದ ಬೇಲಿಯ ಬಳಿ ನಿಂತಿದ್ದ ಬೋಜಪ್ಪ. ಹೇಳಲೋ ಬೇಡವೋ ಎಂದು ಬಹಳ ಹೊತ್ತು ತಡೆದುಕೊಂಡಂತಿತ್ತು. “ಸುಮ್ಮನೆ ಒರಲೆ ಹಿಡಿಯುದಕ್ಕಿಂತ ನಮ್ಮಲ್ಲಿಗೆ ಆದರೂ… ಬೆಲೆ ನೀವೇ ಹೇಳಿ.”

“ಅದು ಮಾರ್ಲಿಕ್ಕೆ ಇಲ್ಲ” ಎಂದರು ಕುಂಞಿಪಾತುಮ್ಮ.

ಬಾಗಿಲನ್ನು ಝುಲೈಖಾ ಮತ್ತು ಬೆಳ್ಯಪ್ಪ ಹಿಡಿದು ಕೋಣೆಯೊಳಗೆ, ಕಪಾಟು ಇದ್ದ ಗೋಡೆಗೆ ಒರಗಿಸಿ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಸಾಲು ಎದೆಯ ಮಟ್ಟಕ್ಕೆ ಬಂದಿತ್ತು, ಸಂಜೆಗೆ ಮೇಲಿನವರೆಗೆ. ಕೋಣೆಯೊಳಗೆ ಬೆಳಕು ಅರ್ಧಕ್ಕೆ ಇಳಿಯಿತು. ಬೆಳ್ಯಪ್ಪ ಕೈ ತೊಳೆದು ಚಹಾ ಕುಡಿದು ಹೋದ.

ಕುಂಞಿಪಾತುಮ್ಮ ಒಳಬಾಗಿಲಿನ ಈಚೆಯೇ ನಿಂತಿದ್ದರು. ಒಳಗೆ ಮಗಳು ಸಿಮೆಂಟಿನ ಹುಡಿ ಗುಡಿಸುತ್ತಿದ್ದಳು.

“ಬಾಗಿಲು ಮಾರಬೇಡ ಮೋಳೆ” ಎಂದರು.

“ಮಾರುದಿಲ್ಲ ಉಮ್ಮ.”

ಆ ಮಾತನ್ನು ಅವರು ನಂಬಿದರೋ ಇಲ್ಲವೋ ತಿಳಿಯದು. ಅಡುಗೆಮನೆಗೆ ಹೋಗಿ ನಾಳೆಯ ಅಕ್ಕಿ ಅಳೆದು ನೆನೆಹಾಕಿದರು. ಬಾಗಿಲು ಅಲ್ಲೇ ಇದೆಯೇ ಎಂದು ನೋಡಲು ಆಮೇಲೆ ಒಂದು ದಿನವೂ ಆ ಕೋಣೆಗೆ ಹೋಗಲಿಲ್ಲ.